ಸಾಕು ಎನ್ನಲಾರದ ಕೈ

ನನ್ನ ಬಲ ರಟ್ಟೆಯ ಎಲುಬು ಮುರಿದದ್ದು ಪ್ಲಾಸ್ಟಿಕ್ ಕುರ್ಚಿಯಿಂದ ಬಿದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕಾರಣ ಕೇಳಿ ನನ್ನನ್ನು ನೋಡಲು ಬಂದವರಿಗೆಲ್ಲ ಎಷ್ಟು ನಿರಾಸೆಯಾಗುತ್ತಿತ್ತೆಂದರೆ, ಅವರ ಮುಖ ನೋಡಿ ನನಗೇ ಪಾಪ ಅನಿಸುತ್ತಿತ್ತು. ಭುಜದಿಂದ ಮೊಣಕೈ ತನಕ ಹೊಲಿಗೆ, ಒಳಗೆ ಉಕ್ಕಿನ ಪಟ್ಟಿ, ಅದಕ್ಕೆ ಸಾಲಾಗಿ ತಿರುಪು. ಇಷ್ಟೆಲ್ಲ ಆಗಬೇಕಾದರೆ ಲಾರಿಯಾದರೂ ಗುದ್ದಿರಬೇಕು, ಹೋಗಲಿ, ಒಂದು ಎತ್ತಾದರೂ ಹಾಯ್ದಿರಬೇಕು ಎಂದು ಅವರು ದಾರಿಯುದ್ದಕ್ಕೂ ಅಂದುಕೊಂಡು ಬಂದಿರುತ್ತಿದ್ದರು. "ಗಾಡಿ ಬಡೀತೇನ್ರಿ?" ಎಂದು ಕೇಳುತ್ತಿದ್ದರು. "ಇಲ್ರಿ, ಜೇಡರ ಬಲಿ ತೆಗಿಯಾಕ ಕುರ್ಚಿ ಹತ್ತಿದ್ದೆ" ಎನ್ನುತ್ತಿದ್ದೆ. ಅವರು ತಮ್ಮ ಪರಿಚಯದವರ ಕೈಕಾಲು ಮುರಿದ ಇದಕ್ಕಿಂತ ಮರ್ಯಾದೆಯ ಕಥೆಯೊಂದನ್ನು ಶುರು ಮಾಡುತ್ತಿದ್ದರು. ಚಹಾ ಮುಗಿಯುವಷ್ಟರಲ್ಲಿ ನಾನೇ ಅವರಿಗೆ ಸಮಾಧಾನ ಹೇಳಿ ಕಳಿಸುವಂತಾಗುತ್ತಿತ್ತು.

ನಾನಿರುವುದು ಶಹಾಪುರದಲ್ಲಿ. ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಮನೆಯವರು ವನದುರ್ಗದ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಇದ್ದೊಬ್ಬ ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ದುಡಿಯುವ ಕೈಗಳು ಒಟ್ಟು ನಾಲ್ಕು. ಅದರಲ್ಲಿ ಎರಡಕ್ಕೆ ಅಡುಗೆ ಬರುವುದಿಲ್ಲ, ಉಳಿದ ಎರಡರಲ್ಲಿ ಒಂದು ಮುರಿದಿತ್ತು.

ಆಪರೇಷನ್ ಆದದ್ದು ಯಾದಗಿರಿಯ ಆಸ್ಪತ್ರೆಯೊಂದರಲ್ಲಿ. ಬಿದ್ದ ದಿನವೇ ನನ್ನ ಬಲ ಹಸ್ತ ಮಣಿಕಟ್ಟಿನಿಂದ ಕೆಳಗೆ, ತಂತಿಯ ಮೇಲೆ ಹಾಕಿದ ಒದ್ದೆ ಬಟ್ಟೆಯಂತೆ ಜೋತು ಬಿದ್ದಿತ್ತು. ಎಲುಬು ಕೂಡಿಸಿದರೆ ಅದೂ ಸರಿಹೋಗುತ್ತದೆ ಎಂದುಕೊಂಡಿದ್ದೆ. ಎಲುಬು ಕೂಡಿಸಿದರು. ಹಸ್ತ ಜೋತೇ ಇತ್ತು. ಏಳು ಎಂದೆ, ಏಳಲಿಲ್ಲ. ನನ್ನದೇ ಕೈ, ಹುಟ್ಟಿದಾಗಿನಿಂದ ನನ್ನ ಹತ್ತಿರವೇ ಇದ್ದದ್ದು, ನನ್ನ ಮಾತನ್ನು ಕೇಳಿಸಿಕೊಳ್ಳದವರಂತೆ ಮಲಗಿತ್ತು.

ಡಾಕ್ಟರು ತಮ್ಮದೇ ತೋಳು ತೋರಿಸಿ ಹೇಳಿದರು: "ಇಲ್ಲಿ ಎಲುಬಿನ ಬೆನ್ನಿಗೆ ಬಳ್ಳಿ ಸುತ್ತಿಕೊಂಡಂಗ ಒಂದು ನರ ಅದ್ರಿ. ಎಲುಬು ಮುರಿಯುವಾಗ ಅದಕ್ಕ ಪೆಟ್ಟು ಬಿದ್ದದ. ಕಡದಿಲ್ಲ, ಆಪರೇಷನ್ದಾಗ ನಾನ ನೋಡೀನಿ. ಮಲಗ್ಯದ ಅಷ್ಟ."

"ಏಳ್ತದೇನ್ರಿ?" ಎಂದೆ.

"ಏಳಬಹುದು."

ಈ 'ಬಹುದು' ನನಗೆ ಹಳೆಯ ಪರಿಚಯ. ಕಚೇರಿಯ ಕಡತಗಳಲ್ಲಿ ಎಷ್ಟೋ ವರ್ಷದಿಂದ ನಾನೇ ಅದನ್ನು ಬರೆಯುತ್ತ ಬಂದಿದ್ದೇನೆ. 'ಪರಿಶೀಲಿಸಬಹುದು', 'ಮಂಜೂರು ಮಾಡಬಹುದು', 'ಮುಂದಿನ ಕ್ರಮಕ್ಕೆ ಸಲ್ಲಿಸಬಹುದು'. ಬರೆಯುವವರಿಗೆ ಅದು ಬಹಳ ಸುಖದ ಪದ. ಯಾವ ಕಡೆಗೂ ಸಿಕ್ಕಿಹಾಕಿಕೊಳ್ಳದೆ ಸಂಜೆಯ ಬಸ್ಸು ಹಿಡಿಯಬಹುದು. ಅರ್ಜಿ ಕೊಟ್ಟು ಕೂತವರಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದು ಆ ಮಂಚದ ಮೇಲೆ ಗೊತ್ತಾಯಿತು.

ಮನೆಗೆ ಬರುವಾಗ ಊರ ಹತ್ತಿರ ನಮ್ಮ ಗುಡ್ಡ ಕಾಣಿಸಿತು. ಶಹಾಪುರದ ಗುಡ್ಡ ಮಲಗಿದ ಬುದ್ಧನಂತೆ ಕಾಣುತ್ತದೆ. ದೂರದವರು ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡುತ್ತಾರೆ, ನಾವು ನೋಡುವುದಿಲ್ಲ. ಅಂದು ನೋಡಿದೆ. ನಮ್ಮಪ್ಪ ಬುದ್ಧನ ದಾರಿ ಹಿಡಿದವನು. ಉಪವಾಸದಿಂದ ಬಸವಳಿದಿದ್ದ ಸಿದ್ಧಾರ್ಥನಿಗೆ ಪಾಯಸ ಕೊಟ್ಟವಳ ಹೆಸರನ್ನೇ ನನಗಿಟ್ಟ: ಸುಜಾತಾ. ಆಕೆ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿರಬೇಕು. ಅದಕ್ಕೆ ಭುಜ, ಮೊಣಕೈ, ಮಣಿಕಟ್ಟು ಎಲ್ಲವೂ ಸರಿಯಿರಬೇಕಾಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಈ ಸುಜಾತಾಳಿಗೆ ಉಣ್ಣಿಸಲು ಯಾದಗಿರಿಯ ಆಚೆಯ ಬಳಿಚಕ್ರದಿಂದ ಅಕ್ಕ ಬಂದಳು. ಭಾಗಮ್ಮ ಅವಳ ಹೆಸರು, ನನಗೆ ಭಾಗಕ್ಕ. ಅವ್ವ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬರಲೇನು ಎಂದು ಅವಳು ಕೇಳಲಿಲ್ಲ. ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಎರಡು ಸೀರೆ ತುಂಬಿದ ಚೀಲದ ಸಮೇತ ಬಾಗಿಲಲ್ಲಿ ನಿಂತಿದ್ದಳು. ಅರ್ಧ ತಾಸಿನಲ್ಲಿ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದವು. ನನ್ನನ್ನು ಮೀಯಿಸಿದಳು, ಸೀರೆ ಉಡಿಸಿದಳು, ನೆಲದ ಮೇಲೆ ಕೂಡಿಸಿ ತಲೆ ಬಾಚಿ ಹೆಳಲು ಹಾಕಿದಳು, ತುತ್ತು ಮಾಡಿ ಬಾಯಿಗಿಟ್ಟಳು. ಐವತ್ತು ದಾಟಿದವಳು ಮತ್ತೆ ಐದು ವರ್ಷದವಳಾದೆ. ಮೊದಲ ವಾರ ಅದು ಸುಖವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ತೊಂದರೆ ಶುರುವಾದದ್ದು ಊಟದಿಂದ. ನಮ್ಮ ಕಡೆ ಬಾಯಲ್ಲಿ ಸಾಕು ಎಂದರೆ ಅದು ಸಾಕಲ್ಲ, ಸಂಕೋಚ. ತಾಟಿನ ಮೇಲೆ ಬಲಗೈ ಅಡ್ಡ ಹಿಡಿದಾಗ ಮಾತ್ರ ನೀಡುವವರು ಅರೆಮನಸ್ಸಿನಿಂದ ನಿಲ್ಲಿಸುತ್ತಾರೆ. ನನ್ನ ಬಲಗೈಯನ್ನು ಅಡ್ಡ ತಂದರೆ ಹಸ್ತ ಜೋತು ಬೆರಳುಗಳು ಸಾರಿನಲ್ಲಿ ಮುಳುಗುತ್ತಿದ್ದವು. ಎಡಗೈ ತಂದರೆ ಅಕ್ಕ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗಾಗಿ ನಾನು ಸಾಕು ಸಾಕು ಎನ್ನುತ್ತ ಉಂಡೆ. ಜಂಪರುಗಳು ಬಿಗಿಯಾದವು. ನಡುಮನೆಯ ಗೋಡೆಯ ಮೇಲಿನ ಬುದ್ಧನ ಪಟದಲ್ಲಿ ಅವನು ಅಂಗೈ ಮೇಲೆತ್ತಿ ಅಭಯ ಕೊಡುತ್ತ ಕೂತಿದ್ದಾನೆ. ಆ ಮಣಿಕಟ್ಟು ಎಷ್ಟು ಸಲೀಸಾಗಿ ಎದ್ದಿದೆ ಎಂದು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಬುದ್ಧನ ವಿಷಯದಲ್ಲಿ ಹೊಟ್ಟೆಕಿಚ್ಚುಪಟ್ಟವರು ಜಗತ್ತಿನಲ್ಲಿ ಹೆಚ್ಚು ಜನ ಇರಲಾರರು.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವವಳು ರೇಷ್ಮಾ ಎಂಬ ಹುಡುಗಿ. ಸಣ್ಣಗೆ, ಚುರುಕಾಗಿ ಇದ್ದಳು. ನೋವಾಗುತ್ತದೆ ಎಂದರೆ "ಹೌದ್ರಿ, ಆಗ್ತದ" ಎಂದು ಒಪ್ಪಿಕೊಂಡು ಕೈಯನ್ನು ಇನ್ನಷ್ಟು ಮೇಲೆತ್ತುವವಳು. ಅವಳು ಮೊದಲ ದಿನವೇ ಹೇಳಿದ್ದಳು: "ಎಲುಬು ತಾನ ಕೂಡ್ತದ್ರಿ ಮೇಡಂ, ಅದಕ್ಕ ಪಟ್ಟಿ ಅದ. ಭುಜ, ಮೊಣಕೈ ಮಾತ್ರ ನಿಮ್ಮ ಕೆಲಸ. ಅಲಗಾಡಸಲಿಲ್ಲಂದ್ರ ಜಾಮ್ ಆಗ್ತಾವ." ಬಗ್ಗಿ ನಿಂತು ಕೈಯನ್ನು ತೊಟ್ಟಿಲಿನಂತೆ ತೂಗಬೇಕು. ಗೋಡೆಗೆ ಎದುರು ನಿಂತು, ಎಡಗೈಯ ಆಸರೆ ಕೊಟ್ಟು, ಬೆರಳುಗಳನ್ನು ಜೇಡದಂತೆ ಮೇಲೆ ಮೇಲೆ ಏರಿಸಬೇಕು. ಜೋತು ಬಿದ್ದ ಹಸ್ತಕ್ಕೆ ಅದನ್ನು ಮೇಲಕ್ಕೆ ಎತ್ತಿ ಹಿಡಿಯುವ ಒಂದು ಪಟ್ಟಿ ಕಟ್ಟಿಕೊಳ್ಳಬೇಕು, ದಿನಕ್ಕೆ ಹಲವು ಸಲ ಬಿಚ್ಚಿ ಎಡಗೈಯಿಂದ ಎತ್ತಿ ಇಳಿಸಬೇಕು.

ಮನೆಯಲ್ಲಿ ನಾನು ಗೋಡೆಗೆ ಬೆರಳು ಹಚ್ಚಿದ ಕೂಡಲೇ ಅಕ್ಕ ಓಡಿ ಬರುತ್ತಿದ್ದಳು. "ಬ್ಯಾಡ ಬಿಡು! ಕಣ್ಣಾಗ ನೀರು ಬಂದಾವ ನೋಡು. ಒಳಗಿನ ತಿರುಪು ಸಡಲಾದ್ರ ಏನ್ ಮಾಡ್ತಿ?" ಎಂದು ಕೈ ಇಳಿಸಿ, ದಿಂಬಿನ ಮೇಲೆ ಇಟ್ಟು, ಸೆರಗಿನಿಂದ ಮುಚ್ಚಿಬಿಡುತ್ತಿದ್ದಳು. ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವಳ ಗಂಡ, ನಮ್ಮ ಭಾವ, ಒಮ್ಮೆ ಕಾಲು ಮುರಿದುಕೊಂಡಿದ್ದರು. ಒಳಗೆ ರಾಡು ಹಾಕಿದ್ದರು. ಬಿತ್ತನೆ ತಪ್ಪುತ್ತದೆಂದು ಬೇಗ ಹೊಲಕ್ಕಿಳಿದರು, ರಾಡು ಬಾಗಿತು, ಮತ್ತೊಮ್ಮೆ ಕೊಯ್ಯಬೇಕಾಯಿತು. ಇವತ್ತಿಗೂ ಅವರು ಕುಂಟುತ್ತಾರೆ. ಅಂಥದ್ದನ್ನು ಕಣ್ಣಾರೆ ಕಂಡವಳಿಗೆ ಅಲಗಾಡಬೇಡ ಎನ್ನುವುದೇ ಪ್ರೀತಿ. ನನಗೂ ನೋವು, ಬೇಡ ಎನ್ನುವವರಿದ್ದರೆ ಯಾರಿಗೆ ಬೇಕು? ದಿಂಬು ಮೆತ್ತಗಿತ್ತು. ನಾನೂ ಅದರ ಮೇಲೆ ಕೈಯಿಟ್ಟು ಮಲಗಿದೆ.

ಮುಂದಿನ ಸಲ ಯಾದಗಿರಿಗೆ ಹೋದಾಗ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು "ಫಸ್ಟ್ ಕ್ಲಾಸ್" ಎಂದರು. ಎಕ್ಸ್‌ರೇ ಪಾಸಾಗಿತ್ತು. ಪಕ್ಕದ ಕೋಣೆಯಲ್ಲಿ ನಾನು ನಪಾಸಾದೆ. ಭುಜ ತುಕ್ಕು ಹಿಡಿದ ಕೀಲಿನಂತಾಗಿತ್ತು. ರೇಷ್ಮಾ ಬೈಯಲಿಲ್ಲ. "ಮೇಡಂ, ನಿಮಗ ಈ ಕೈಲೆ ಏನ್ ಮಾಡಬೇಕಾಗ್ಯದ?" ಎಂದು ಕೇಳಿದಳು.

ನೌಕರಿ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ: "ನನ್ನ ಹೆಳಲು ನಾನ ಹಾಕ್ಕೋಬೇಕವ್ವ."

"ಅದಕ್ಕ ಕೈ ತಲಿ ಹಿಂದ ಹೋಗಬೇಕು. ಈಗ ಕಿವಿತನಾನೂ ಹೋಗವಲ್ಲದು. ಇನ್ನಾ ತಡಾ ಮಾಡಿದ್ರ ಹೋಗೂದ ಇಲ್ರಿ."

ಇದರಲ್ಲಿ ಬಹುದು ಇರಲಿಲ್ಲ. ಬಸ್ಸು ಭೀಮಾ ಸೇತುವೆ ದಾಟುವಷ್ಟರಲ್ಲಿ ನಾನು ನಿರ್ಧಾರ ಮಾಡಿಯಾಗಿತ್ತು.

ನಿರ್ಧಾರವೇನೋ ಗಟ್ಟಿಯಾಗಿತ್ತು, ಅಕ್ಕನ ಎದುರು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಹಾಗಾಗಿ ಗೋಡೆ ಏರುವ ಕಾರ್ಯಕ್ರಮವನ್ನು ಬಚ್ಚಲಮನೆಗೆ ಸಾಗಿಸಿದೆ. ಹುಡುಗರು ಕದ್ದು ಬೀಡಿ ಸೇದುವಂತೆ ನಾನು ಕದ್ದು ಕೈ ಎತ್ತುತ್ತಿದ್ದೆ. ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ನರಳುತ್ತಿದ್ದೆ. ಹೊತ್ತುಹೊತ್ತಿಗೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಇದ್ದು ಕಣ್ಣು ಕೆಂಪು ಮಾಡಿಕೊಂಡು ಬರುವ ತಂಗಿಯನ್ನು ನೋಡಿ ಅಕ್ಕ ತನ್ನದೇ ತೀರ್ಮಾನಕ್ಕೆ ಬಂದಳು. ನನ್ನ ಹೊಟ್ಟೆ ಕೆಟ್ಟಿದೆ ಎಂದು ಅಜವಾನ ಕುದಿಸಿ ಕುಡಿಸತೊಡಗಿದಳು. ಖಾರ ಬಂದ್ ಆಯಿತು, ಶೇಂಗಾ ಹಿಂಡಿ ಬಂದ್ ಆಯಿತು. ಉಪ್ಪು ಹಾಕಿದ ಮೆತ್ತನ್ನ, ಮಜ್ಜಿಗೆ. ನಮ್ಮ ಮನೆಯವರು ಸಹ ಅದನ್ನೇ ಉಂಡು ಏನೂ ಅನ್ನಲಾರದೆ ಶಾಲೆಗೆ ಹೋದರು.

ಒಂದು ಮಧ್ಯಾಹ್ನ ಸಿಕ್ಕಿಬಿದ್ದೆ. ನಲ್ಲಿಯ ನೀರು ನಿಂತಿತ್ತು, ನರಳಿಕೆ ನಿಂತಿರಲಿಲ್ಲ. ಅಕ್ಕ ಬಾಗಿಲು ತಳ್ಳಿದಳು. ನಾನು ಗೋಡೆಗೆ ಮುಖ ಮಾಡಿ, ಕಣ್ಣೀರು ಸುರಿಸುತ್ತ, ಬೆರಳುಗಳ ಮೇಲೆ ಜೋತಾಡುತ್ತಿದ್ದೆ.

"ಹೊಟ್ಟಿ ಬ್ಯಾನಿ ಅಂತ ನಾ ಅಜವಾನ ಕುದಿಸಿ ಸಾಯಾಕತ್ತೀನಿ, ನೀ ಇಲ್ಲಿ ಗ್ವಾಡಿ ಏರಾಕತ್ತೀಯೇನು?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ನನ್ನ ಮಾತು ಬ್ಯಾಡಾತು ನಿನಗ. ನಾ ಊರಿಗೆ ಹೋಗ್ತೀನಿ."

"ಹೋಗಬ್ಯಾಡಕ್ಕಾ. ಆದ್ರ ತಡೀಬ್ಯಾಡ. ನೀ ಹ್ವಾದ ಮ್ಯಾಲ ನನ್ನ ಹೆಳಲು ಯಾರು ಹಾಕ್ತಾರ?"

"ನಾ ಇರ್ತೀನಿ."

"ಎಷ್ಟು ದಿನ ಇರ್ತಿ?"

"ನಾ ಇರೋತನ."

ಕಚೇರಿಯಲ್ಲಿ ಎಂಥೆಂಥವರ ಜೊತೆಗೋ ವಾದ ಮಾಡಿದ್ದೇನೆ. ತನ್ನ ಜೀವಮಾನವನ್ನೇ ಹೀಗೆ ಎದುರಿಗಿಡುವವರ ಜೊತೆ ವಾದ ನಡೆಯುವುದಿಲ್ಲ. ಎಡಗೈಯಿಂದ ಅವಳ ಸೆರಗು ಹಿಡಿದು ಹೇಳಿದೆ: "ನೀ ನನಗ ಬೇಕಕ್ಕಾ. ನನ್ನ ಕೈನೂ ಬೇಕು."

ಮುಂದಿನ ಸಲ ನಾನು ಯಾದಗಿರಿಗೆ ಹೊರಟಾಗ ಅವಳು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ಆ ವ್ಯಾಯಾಮದ ಹುಡುಗಿನ್ನ ನಾನ ಕೇಳ್ತೀನಿ" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದಳು.

"ತಿರುಪು ಕಿತ್ತು ಬಂದ್ರ ಯಾರು ಜವಾಬ್ದಾರಿ?" ಎಂದು ರೇಷ್ಮಾಳನ್ನು ಕೇಳಿದಳು. "ನಮ್ಮ ಮನ್ಯಾಗ ಒಬ್ಬರದು ಹಂಗಾಗ್ಯದ."

ರೇಷ್ಮಾ ಭಾವನ ಕಾಲಿನ ಕಥೆಯನ್ನು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ಅವರು ಮೈಭಾರ ಹಾಕಿ ನಡದ್ರು ಅವ್ವಾರ, ಅದಕ್ಕ ರಾಡ್ ಬಾಗಿತು. ಇವರಿಗೆ ನಾ ಕೊಡ ಎತ್ತ್ರಿ ಅಂದಿಲ್ಲ, ಕೈ ಎತ್ತ್ರಿ ಅಂದೀನಿ. ನೀವ ಎತ್ತಿ ತೋರಸ್ರಿ, ನೋಡಿ ಕಲೀಲಿ."

ಅಕ್ಕ ಇದೇನು ದೊಡ್ಡದು ಎಂಬಂತೆ ಎರಡೂ ಕೈ ಎತ್ತಿದಳು. ಎಡಗೈ ನೆಟ್ಟಗೆ ಮೇಲೆ ಹೋಯಿತು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ರೇಷ್ಮಾ ಹತ್ತಿರ ಬಂದು ಆ ಭುಜದ ಮೇಲೆ ಬೆರಳಿಟ್ಟಳು.

"ಯಾವಾಗಿಂದ್ರಿ ಇದು?" ಎಂದು ರೇಷ್ಮಾ ಮೆಲ್ಲಗೆ ಕೇಳಿದಳು.

"ಇದಾ? ಇದು ಹಿಂಗ ಅದ," ಎಂದಳು ಅಕ್ಕ, ಬಲಗೈ ಇಳಿಸಿ ಸೆರಗಿನೊಳಗೆ ಮಾಡಿಕೊಳ್ಳುತ್ತ.

ವರ್ಷಗಳೇ ಆಗಿದ್ದವಂತೆ. ಮುರಿದದ್ದಲ್ಲ, ಬಿದ್ದದ್ದಲ್ಲ, ಒಂದು ದಿನ ನೋವು ಬಂತು, ಹೋಗುವಾಗ ಕೈಯ ಅರ್ಧ ಬಲ ತೆಗೆದುಕೊಂಡು ಹೋಯಿತು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಹೆಳಲು ಹಾಕುವಾಗ ನನ್ನನ್ನು ನೆಲದ ಮೇಲೇ ಯಾಕೆ ಕೂಡಿಸುತ್ತಿದ್ದಳು, ನಮ್ಮ ಮೇಲಿನ ಕಪಾಟಿನ ಡಬ್ಬಿಗಳೆಲ್ಲ ಯಾಕೆ ಕೆಳಗಿಳಿದವು ಎಂಬುದು ನನಗೆ ಆಗ ತಿಳಿಯಿತು. ನನ್ನ ಒಂದು ಕೈಯನ್ನು ಇಷ್ಟು ದಿನ ಅವಳ ಒಂದೂವರೆ ಕೈ ಸಾಕುತ್ತಿತ್ತು.

"ಇಬ್ಬರೂ ಕೂಡೇ ಏರ್ರಿ," ಎಂದಳು ರೇಷ್ಮಾ.

ಬಚ್ಚಲಮನೆಯಿಂದ ವ್ಯಾಯಾಮ ನಡುಮನೆಗೆ ಬಂತು. ಬುದ್ಧನ ಪಟದ ಆ ಕಡೆ ನಾನು, ಈ ಕಡೆ ಅಕ್ಕ. ಅಡುಗೆಮನೆಯಿಂದ ನೇರ ಬರುತ್ತಿದ್ದ ಅವಳ ಬೆರಳಿನ ಅರಿಷಿಣ ಗೋಡೆಗೆ ಹತ್ತಿ, ಅವಳು ನಿನ್ನೆ ಎಲ್ಲಿಯ ತನಕ ಏರಿದ್ದಳು, ಇವತ್ತು ಎಲ್ಲಿಯ ತನಕ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ನಮ್ಮ ಮನೆಯವರು ಶಾಲೆಯಿಂದ ಬಂದು ಗೋಡೆ ನೋಡಿ "ಮನ್ಯಾಗ ಹಲ್ಲಿ ಹೊಕ್ಕಾವೇನು?" ಎಂದರು. "ಹೌದ್ರಿ ಮಾಸ್ತರ, ಎರಡು ದೊಡ್ಡುವು" ಎಂದಳು ಅಕ್ಕ. ಪೈಪೋಟಿ ಹುಟ್ಟಿತು. ನೋವಿಗೆ ಹೆದರುವ ನಾನೂ ಅಕ್ಕ ನನಗಿಂತ ಮೇಲೆ ಹೋಗಿದ್ದಾಳೆಂದರೆ ಬಿಡುತ್ತಿರಲಿಲ್ಲ. ಅವಳು ಸೀರೆಯ ನಿರಿಗೆಯ ಮರೆಯಲ್ಲಿ ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದಳು. "ಕಾಲು ನೆಲಕ್ಕಿಡು!" ಎಂದು ನಾನು ಚೀರುತ್ತಿದ್ದೆ. ನಾನು ನೋವಿಗೆ ಮುಖ ಹಿಂಡಿದರೆ ಅವಳು ಈಗ ಓಡಿ ಬರುತ್ತಿರಲಿಲ್ಲ. ಓಡಿ ಬರಬೇಕೆಂದು ಅನಿಸುತ್ತಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಗೋಡೆಯನ್ನೇ ದಿಟ್ಟಿಸುತ್ತ ನಿಲ್ಲುತ್ತಿದ್ದಳು.

ಭುಜ ಹೀಗೆ ಬಿಡಿಸಿಕೊಳ್ಳತೊಡಗಿತು. ಹಸ್ತದ್ದು ಮಾತ್ರ ಬೇರೆಯೇ ಹಾದಿ. ಮಲಗಿದ ನರವನ್ನು ಎಬ್ಬಿಸಲು ಯಾವ ಗೋಡೆಯೂ ಇಲ್ಲ. ನಮ್ಮ ಮನೆಯವರು ಪೆಟ್ಟಾದ ನರ ದಿನಕ್ಕೆ ಎಷ್ಟು ಉದ್ದ ಚೇತರಿಸಿಕೊಳ್ಳುತ್ತದೆ ಎಂದು ಫೋನಿನಲ್ಲಿ ಓದಿ, ಟೇಪಿನಿಂದ ನನ್ನ ತೋಳು ಅಳೆದು, ಕಾಗದದ ಮೇಲೆ ಗುಣಿಸಿ ಭಾಗಿಸಿ, ಇಂಥ ತಿಂಗಳು ಕೈ ಏಳುತ್ತದೆ ಎಂದು ಉತ್ತರ ತೆಗೆದರು. ಗಣಿತದ ಮಾಸ್ತರರಲ್ಲವೇ, ನಾನು ನಂಬಿದೆ. ಆ ತಿಂಗಳು ಬಂತು. ಹೋಯಿತು. ಹಸ್ತ ಜೋತೇ ಇತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬಿದ್ದಾಗಲೂ ಅಳದಷ್ಟು ಅತ್ತೆ. ನಮ್ಮ ಮನೆಯವರು ಲೆಕ್ಕ ತಪ್ಪಿದ ವಿದ್ಯಾರ್ಥಿಯಂತೆ ಅಂಗಳದಲ್ಲಿ ನಿಂತಿದ್ದರು. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅತ್ತಾದ ಮ್ಯಾಲ ಆ ಪಟ್ಟಿ ಕಟಕೊ," ಎಂದಳು.

ಕಟ್ಟಿಕೊಂಡೆ. ಬೇರೆ ಏನು ಮಾಡುವುದು? ಬಿಚ್ಚುವುದು, ಎಡಗೈಯಿಂದ ಎತ್ತುವುದು, ಏಳು ಎಂದು ಮನಸ್ಸಿನಲ್ಲಿ ಹೇಳುವುದು, ಇಳಿಸುವುದು, ಕಟ್ಟಿಕೊಳ್ಳುವುದು. ಮೇಲಧಿಕಾರಿಗೆ ಜ್ಞಾಪನ ಕಳಿಸಿದಂತೆ ದಿನವೂ ಕಳಿಸಿದೆ. ಉತ್ತರ ಬರಲಿಲ್ಲವೆಂದು ಕಳಿಸುವುದನ್ನು ಬಿಡಲಿಲ್ಲ.

ಉತ್ತರ ಬಂದದ್ದು ಊಟದ ಹೊತ್ತಿನಲ್ಲಿ. ಕೈಯ ಪಟ್ಟಿ ತೊಳೆದು ಬಿಸಿಲಿಗೆ ಹಾಕಿತ್ತು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದೆ. ಅಕ್ಕ ಇನ್ನೊಂದು ಸೌಟು ಬೇಳೆ ಎತ್ತಿದಳು. ನಾನು ಯಾವುದೋ ಮಾತಿನಲ್ಲಿದ್ದೆ. "ಸಾಕಕ್ಕಾ" ಎನ್ನುತ್ತ ಬಲಗೈ ತಾನೇ ಮುಂದೆ ಹೋಯಿತು. ಬೆರಳು ಬೇಳೆಯಲ್ಲಿ ಮುಳುಗಲಿಲ್ಲ. ಹಸ್ತ ಒಂದು ಉಗುರಿನಷ್ಟು ಮೇಲಿತ್ತು.

"ಅಕ್ಕಾ! ಕೈ ಎದ್ದದ!"

"ಎಲ್ಲಿ?" ಎನ್ನುತ್ತ ಅವಳು ಆ ಸೌಟನ್ನು ಸುರಿದೇಬಿಟ್ಟಳು. "ನಾ ನೋಡಲಿಲ್ಲ. ಇನ್ನೊಮ್ಮೆ ಎತ್ತು."

ಇನ್ನೊಮ್ಮೆ ಏಳಲಿಲ್ಲ. ಆ ದಿನವಿಡೀ ಏಳಲಿಲ್ಲ. ನಮ್ಮ ಮನೆಯವರು ನಂಬಿದಂತೆ ಮಾಡಿದರು. ಅದು ನಂಬದಿರುವುದಕ್ಕಿಂತ ಕೆಟ್ಟದ್ದಾಗಿತ್ತು. ನನಗೇ ಅನುಮಾನ ಹತ್ತಿತು. ಆದರೆ ಮರುದಿನ ಮುಂಜಾನೆ ಮತ್ತೊಮ್ಮೆ ಎದ್ದಿತು, ಮೂವರೂ ನೋಡುತ್ತಿದ್ದಾಗಲೇ. ಮುಂದೆ ಯಾದಗಿರಿಗೆ ಹೋದಾಗ ರೇಷ್ಮಾ ತನ್ನ ಬೆರಳನ್ನು ನನ್ನ ಮುಂಗೈ ಮೇಲಿಟ್ಟು, ಎತ್ತಿ ಎಂದು ಹೇಳಿ, ಒಳಗೆ ಸಣ್ಣಗೆ ಮಿಡಿದದ್ದನ್ನು ಹಿಡಿದು, "ಬಂತ್ರಿ ಮೇಡಂ" ಎಂದಳು. ಅಷ್ಟು ಗಟ್ಟಿ ಹುಡುಗಿ ಒಂದು ಕ್ಷಣ ಕಿಟಕಿಯ ಕಡೆ ತಿರುಗಿಕೊಂಡಳು.

ಉಗುರಿನಷ್ಟು ಎದ್ದದ್ದು ಪೂರ್ತಿ ಏಳಲು ಬಹಳ ದಿನ ಹಿಡಿಯಿತು. ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾದೀತು. ಮೊಣಕೈ ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ. ಹೆಬ್ಬೆರಳು ಸೋಮಾರಿ. ಚಳಿಗಾಲದಲ್ಲಿ ಒಳಗೆ ಉಕ್ಕಿನ ಪಟ್ಟಿ ಇರುವುದು ನೆನಪಾಗುತ್ತದೆ. ಕಚೇರಿಯಲ್ಲಿ ನನ್ನ ಟೈಪಿಂಗು ಕೇಳಿ ಪಕ್ಕದ ಮೇಜಿನವರಿಗೆ ನಿದ್ದೆ ಬರುತ್ತದೆ. ಆದರೂ ಸುರಪುರದ ಬಸ್ಸು ಹತ್ತುತ್ತೇನೆ, ಕಡತ ಎತ್ತಿಡುತ್ತೇನೆ, ಕುಕ್ಕರಿನ ಮುಚ್ಚಳ ತಿರುವುತ್ತೇನೆ. ಒಂದು ಮುಂಜಾನೆ ಕನ್ನಡಿಯ ಮುಂದೆ ನಿಂತು, ಎರಡೂ ಕೈ ತಲೆಯ ಹಿಂದೆ ಒಯ್ದು, ಹಲ್ಲು ಕಚ್ಚಿ ಹೆಳಲು ಹಾಕಿಕೊಂಡೆ. ನಡುವೆ ಎರಡು ಸಲ ಕೈ ಇಳಿಸಿ ದಣಿವಾರಿಸಿಕೊಳ್ಳಬೇಕಾಯಿತು. ಹೆಳಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ತುದಿಯಲ್ಲಿ ಗಂಟು.

ಅಕ್ಕ ಹಿಂದಿನಿಂದ ಬಂದು ನೋಡಿದಳು. ಬಿಚ್ಚಲು ಅವಳ ಕೈ ನನ್ನ ಬೆನ್ನಿನ ತನಕ ಬಂತು. ಅಲ್ಲೇ ನಿಂತಿತು. ಹಿಂದೆ ಹೋಯಿತು.

"ಚಂದ ಅದ," ಎಂದಳು. ಅವಳು ನನಗೆ ಹೇಳಿದ ಸುಳ್ಳುಗಳಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ್ದು ಮತ್ತೊಂದಿಲ್ಲ.

ಅದಾದ ಮೇಲೆ ಅವಳು ಊರಿಗೆ ಹೊರಟಳು. ಭಾವ ಎಷ್ಟು ದಿನವೆಂದು ಒಬ್ಬರೇ ಇರುತ್ತಾರೆ? ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿಯ ಬಸ್ಸು ತುಂಬಿ ನಿಂತಿತ್ತು. ನಾನು ಕೆಳಗೆ ಕಿಟಕಿಯ ಹತ್ತಿರ ನಿಂತೆ. ಕಂಡಕ್ಟರ್ "ಕೊಡ್ರಿ ಅವ್ವಾ, ನಾ ಮ್ಯಾಲಿಡ್ತೀನಿ" ಎಂದು ಅವಳ ಚೀಲಕ್ಕೆ ಕೈ ಚಾಚಿದ. ಅಕ್ಕ ಕೊಡಲಿಲ್ಲ. ಬರುವಾಗ ತಂದದ್ದಕ್ಕಿಂತ ಭಾರವಾಗಿದ್ದ ಆ ಚೀಲವನ್ನು ಎರಡೂ ಕೈಯಿಂದ ಮೇಲೆತ್ತಿದಳು. ಬಲಗೈ ಭುಜದ ಮಟ್ಟ ದಾಟಿತು, ಕಿವಿ ದಾಟಿತು. ಹಿಮ್ಮಡಿ ಎತ್ತಿದ್ದಳೋ ಇಲ್ಲವೋ ನನಗೆ ಕಾಣಲಿಲ್ಲ. ಚೀಲ ಸೀಟುಗಳ ಮೇಲಿನ ಹಲಗೆಗೆ ಹೋಗಿ ಕೂತಿತು.

ಏದುಸಿರು ಬಿಡುತ್ತ, ಬೆವರು ಒರೆಸಿಕೊಳ್ಳುತ್ತ ಅವಳು ಕಿಟಕಿಗೆ ಬಗ್ಗಿದಳು.

"ಸುಜೀ, ಇನ್ನೊಂದು ವರ್ಷ ಭಾರ ಎತ್ತಿಗಿತ್ತೀ ಮತ್ತ!"

"ಹೂಂ ಅಕ್ಕಾ, ಎತ್ತಂಗಿಲ್ಲ," ಎಂದೆ.

ಅವಳೂ ನಂಬಲಿಲ್ಲ, ನಾನೂ ನಂಬಲಿಲ್ಲ. ಇಬ್ಬರಿಗೂ ಸಮಾಧಾನವಾಯಿತು. ಬಸ್ಸು ಹೊರಟಿತು.